ಪಕ್ಕದ ಮನೆಯವರು ಕೊಡ್ತಿರೋ ಹಳೇ ಸ್ಯಾವೇಜ್ 99 ಕೋವಿ ಪಾಲಿಶ್ ಮಾಡಿಸಿ ಮಾರಿದರೆ ಎಷ್ಟು ಬರಬಹುದು? (ಪೆನ್ಸಿಲ್ವೇನಿಯಾ, ಎಚ್-1ಬಿ)

ಪಾಲಿಶ್ ಮಾಡಿಸಬೇಡಿ. ಉಳಿದಿದ್ದು ಆಮೇಲೆ.

ನಾನಿರುವುದೂ ಪೆನ್ಸಿಲ್ವೇನಿಯಾದಲ್ಲೇ. ನನಗೂ ಈ ಕೋವಿ ಬಂದದ್ದು ಪಕ್ಕದ ಮನೆಯ ಅಜ್ಜನಿಂದ. ಅವರಿಗೆ ಕಣ್ಣು ಮಂಜಾಗಿ ಬೇಟೆ ಬಿಟ್ಟಾಗ ಕಡಿಮೆ ದುಡ್ಡಿಗೇ ಕೊಟ್ಟರು. ನನ್ನೂರು ವಿರಾಜಪೇಟೆ ಕಡೆ. ಕೊಡಗಿನ ಆಯುಧಪೂಜೆಯಾದ ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಕೈಮುಗಿದು ಬೆಳೆದವನು, ನನಗೇನು ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನೋ ಜಂಬ ಬೇರೆ. ಆದರೆ ಊರಲ್ಲಿ ನಾನು ಕಂಡದ್ದೆಲ್ಲ ಜೋಡಿ ನಳಿಗೆಯ ತೋಟೆ ಕೋವಿ. 99 ಬೇರೆಯೇ ಜಾತಿಯದು.

ಹೊರಗೆ ಕುದುರೆಯೇ (ತೋಟೆ ಹಾರಿಸಲು ಬಡಿಯುವ ಸುತ್ತಿಗೆ) ಕಾಣೋದಿಲ್ಲ. ವಿಂಚೆಸ್ಟರ್ 94, ಮಾರ್ಲಿನ್ 336 ಥರದ ಬೇರೆ ಲಿವರ್ ಕೋವಿಗಳಲ್ಲಿ (ಕೆಳಗಿನ ಹಿಡಿ ಎಳೆದು ತೋಟೆ ಏರಿಸುವಂಥವು) ತೋಟೆಗಳು ನಳಿಗೆಯಡಿಯ ಕೊಳವೆಯಲ್ಲಿ ಒಂದರ ಹಿಂದೊಂದು ಕೂತಿರುತ್ತವೆ. ಚೂಪು ಗುಂಡು ಹಾಕಿದರೆ ಅದರ ಮೂತಿ ಮುಂದಿನ ತೋಟೆಯ ಹಿಂಬದಿಯ ಕೇಪಿಗೆ (ಬಡಿದರೆ ಸಿಡಿಯುವ ಬಿಲ್ಲೆ) ಬಡಿದು ಒಳಗೇ ಹಾರಬಹುದು, ಅದಕ್ಕೇ ಮೊಂಡು ಮೂತಿಯ ಗುಂಡು. ಸ್ಯಾವೇಜ್‌ನಲ್ಲಿ ತೋಟೆಗಳು ತಿರುಗುವ ಹಿತ್ತಾಳೆ ಉರುಳೆಯ ಸುತ್ತ ಕೂರುತ್ತವೆ, ಚೂಪು ಗುಂಡಿಗೂ ಭಯವಿಲ್ಲ. ರಿಸೀವರಿನ (ಯಂತ್ರಭಾಗವಿರುವ ನಡುವಿನ ಲೋಹದ ಪೆಟ್ಟಿಗೆ) ಎಡಗಡೆ ಒಂದು ಪುಟ್ಟ ಕಿಂಡಿ. ಲಿವರ್ ಎಳೆದು ಬಿಟ್ಟಂತೆಲ್ಲ ಅದರೊಳಗೆ ಉಳಿದ ತೋಟೆಯ ಅಂಕಿ ಒಂದೊಂದೇ ಇಳಿಯುತ್ತದೆ. ಕೆಲಸವಿಲ್ಲದ ಭಾನುವಾರ ಖಾಲಿ ಕೋವಿಯ ಲಿವರ್ ಆಡಿಸುತ್ತಾ ಕೂತು ಹೆಂಡತಿಯಿಂದ ಬೈಸಿಕೊಂಡಿದ್ದೇನೆ.

ನನ್ನದು ಎರಡನೇ ಮಹಾಯುದ್ಧಕ್ಕಿಂತ ಮುಂಚಿನದು, .250-3000 ಅನ್ನೋ ತೋಟೆಯದ್ದು. ಆ ತೋಟೆ 1915ರಲ್ಲಿ ಬಂದದ್ದು, 87 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 3000 ಅಡಿ ಅಂತ ಹೆಸರಲ್ಲೇ ಜಾಹೀರಾತು. ಒದೆತ ಅಷ್ಟಕ್ಕಷ್ಟೇ. ನಾನು ಮಾಡಿದ ಘನಕಾರ್ಯ ಏನು ಗೊತ್ತಾ? ಸ್ಟಾಕ್ (ಹೆಗಲಿಗೆ ಆನಿಸುವ ಮರದ ಹಿಂಭಾಗ) ನನಗೆ ಸ್ವಲ್ಪ ಉದ್ದ ಅನ್ನಿಸಿತು, ಹಿಂದಿನ ಉಕ್ಕಿನ ತಗಡೂ ತಣ್ಣಗೆ ಹೆಗಲಿಗೆ ಒತ್ತುತ್ತಿತ್ತು. ರಿಪೇರಿಯವನ ಹತ್ತಿರ ಕೊಟ್ಟು ಮರವನ್ನು ಅರ್ಧ ಇಂಚು ಕೊಯ್ಸಿ ರಬ್ಬರ್ ಪ್ಯಾಡ್ ಹಾಕಿಸಿದೆ. ನೋಡಲು ನೀಟಾಗಿತ್ತು, ಹೆಗಲಿಗೂ ಹಿತವಾಗಿತ್ತು. ಎರಡು ಸೀಸನ್ ಕಳೆದ ಮೇಲೆ ಒಬ್ಬ ಸಂಗ್ರಾಹಕರು ಕೊಳ್ಳಲು ಬಂದರು. ನಳಿಗೆ ನೋಡಲಿಲ್ಲ, ಲಿವರ್ ಮುಟ್ಟಲಿಲ್ಲ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಪ್ಯಾಡಿನ ಎರಡು ಸ್ಕ್ರೂ ಬಿಚ್ಚಿದರು. ಕೊಯ್ದ ಹಸಿ ಮರ ನೋಡಿ ಮತ್ತೆ ಸ್ಕ್ರೂ ಬಿಗಿದು ಕೈಗೆ ಕೊಟ್ಟರು. ಆ ಕಾಲದ 99ಗಳಲ್ಲಿ ರಿಸೀವರಿನ ಸೀರಿಯಲ್ ನಂಬರನ್ನೇ ಸ್ಟಾಕಿನ ತುದಿಯ ಮರಕ್ಕೂ ಒತ್ತಿರುತ್ತಿದ್ದರು, ಆ ತಗಡಿನ ಅಡಿಯಲ್ಲಿ. ಮರ ಮೂಲದ್ದೇ ಅನ್ನೋದಕ್ಕೆ ಅದೇ ಸಾಕ್ಷಿ. ನನ್ನ ನಂಬರು ಗರಗಸದ ಹೊಟ್ಟಿನ ಜೊತೆ ಕಸದ ಬುಟ್ಟಿಗೆ ಹೋಗಿತ್ತು. ಫೋನಿನಲ್ಲಿ ಸಾವಿರ ಡಾಲರಿನ ಮೇಲಿದ್ದ ಮಾತು ಆರುನೂರಕ್ಕೆ ಇಳಿಯಿತು. ಪ್ಯಾಡು ತೆಗೆದು ಹಳೇ ತಗಡು ಕೂರಿಸೋಣ ಅಂದರೆ ಅದನ್ನು ಇಟ್ಟುಕೊಂಡೂ ಇರಲಿಲ್ಲ. ಇದ್ದಿದ್ದರೂ ತಗ್ಗಿದ ಮರಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಅಷ್ಟಕ್ಕೂ ಒದೆಯದ ಕೋವಿಗೆ ಪ್ಯಾಡ್ ಯಾಕೆ ಬೇಕಿತ್ತು!

ಪಾಲಿಶ್, ಹೊಸ ಬ್ಲೂಯಿಂಗ್ (ಉಕ್ಕಿಗೆ ಕೊಡುವ ನೀಲಿಗಪ್ಪು ಬಣ್ಣ), ಗುರಿ ನೋಡುವ ಸ್ಕೋಪಿಗೆಂದು ರಿಸೀವರ್ ನೆತ್ತಿಗೆ ಹೊಸ ತೂತು, ಎಲ್ಲದರ ಗತಿಯೂ ಇದೇ. ಕೈ ಉಜ್ಜಿ ಉಜ್ಜಿ ಬಣ್ಣ ಹೋದ ಜಾಗವನ್ನು ಕೊಳ್ಳುವವರು ಕ್ಷಮಿಸುತ್ತಾರೆ, ಹೊಸ ಬಣ್ಣವನ್ನಲ್ಲ. ಯುದ್ಧದ ನಂತರದ್ದಾದರೆ ಲಿವರ್ ಬುಡದಲ್ಲಿ ಸಣ್ಣ ವೃತ್ತದೊಳಗೆ ಒಂದು ಅಕ್ಷರ ಹುಡುಕಿ: ಎ ಅಂದರೆ 1949, ಬಿ ಅಂದರೆ 1950, ಹೀಗೆ ಮುಂದೆ. ನಿಮ್ಮದು .300 ಸ್ಯಾವೇಜ್ ತೋಟೆಯದ್ದಾಗಿದ್ದರೆ ಅಂಥವು ಬೇಕಾದಷ್ಟಿವೆ, ಆಕಾಶದ ಬೆಲೆ ನಿರೀಕ್ಷಿಸಬೇಡಿ. .303 ಸ್ಯಾವೇಜ್ ಅಂತಿದ್ದರೆ .303 ಬ್ರಿಟಿಷ್ ತೋಟೆ ತಂದು ತುರುಕಬೇಡಿ, ಎರಡಕ್ಕೂ ಸಂಬಂಧವಿಲ್ಲ. ಬೆಲೆಗೆ ಆನ್‌ಲೈನಿನಲ್ಲಿ ಜನ ಕೇಳುತ್ತಿರುವ ರೇಟು ನೋಡಬೇಡಿ, ಹರಾಜಾಗಿ ಮುಗಿದದ್ದನ್ನು ನೋಡಿ.

ಆದರೆ ನೀವು ಮೊದಲು ಕೇಳಬೇಕಿದ್ದ ಪ್ರಶ್ನೆಯೇ ಬೇರೆ. ನೀವು ಎಚ್-1ಬಿಯಲ್ಲಿದ್ದೀರಿ. ಇಂಥ ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳುವುದು ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಪೆನ್ಸಿಲ್ವೇನಿಯಾದ ಲೈಸೆನ್ಸ್ ಜೂನ್ 30ಕ್ಕೆ ಮುಗಿಯುತ್ತದೆ, ಮೊದಲ ಸಲ ತೆಗೆಯಲು ತರಬೇತಿ ಕೋರ್ಸ್ ಮುಗಿಸಿರಬೇಕು. "ಮಾರುವ ತನಕ ಮನೇಲಿಟ್ಟಿರ್ತೀನಿ" ಅನ್ನೋದೂ ಇಟ್ಟುಕೊಂಡ ಹಾಗೇ. ಹಸಿರು ಕಾರ್ಡಿಗೆ ಈ ತಾಪತ್ರಯವಿಲ್ಲ, ನಾನು ಅದರಲ್ಲಿದ್ದೆ.

ನನ್ನ ಅಭಿಪ್ರಾಯ: ಲೈಸೆನ್ಸ್ ತೆಗೆಯಿರಿ, ಕೋರ್ಸ್ ಮಾಡಿ, ಮಾರಬೇಡಿ. ಈ ರಾಜ್ಯದಲ್ಲಿ ಜಿಂಕೆಗೆ ಸೆಮಿ ಆಟೊಮ್ಯಾಟಿಕ್ ರೈಫಲ್ ಬಳಸುವಂತಿಲ್ಲ, ಲಿವರ್ ಕೋವಿಗೆ ಇನ್ನೂ ಮರ್ಯಾದೆ ಇದೆ. ಬೇಟೆ ಆಗದು ಅಂದರೆ ಕೋವಿಯನ್ನು ಪಕ್ಕದ ಮನೆಯಲ್ಲೇ ಬಿಟ್ಟು ಆ ಮನೆಯವರಿಗೆ ನಿಜವಾದ ಬೆಲೆ ಹೇಳಿ, ಅವರೇ ಮಾರಿಕೊಳ್ಳಲಿ. ಹಾಗೆಯೇ ಅವರ ಮನೆಯ ಮೇಜಿನ ಡ್ರಾಯರು, ಬೇಸ್‌ಮೆಂಟಿನ ಡಬ್ಬಿಗಳನ್ನೂ ಒಮ್ಮೆ ನೋಡಲು ಹೇಳಿ. ಗುರಿ ಹಿಡಿಯುವ ಹಳೇ ಸೈಟು, ಬಿಚ್ಚಿಟ್ಟ ಸ್ಕ್ರೂ, ಹಿಂದಿನ ತಗಡು ಅಲ್ಲೆಲ್ಲಾದರೂ ಬಿದ್ದಿದ್ದರೆ ಕೋವಿಯ ಜೊತೆಗೇ ಕಟ್ಟಿಡಲಿ.