ಎನ್‌ಜೈಮಿಗೂ ಮಡಿ ಉಡಿಸ್ಬೇಕಾ ಮೇಷ್ಟ್ರೇ?

ದಾವಣಗೆರೆ ಕಡೆಯಿಂದ ರಿಟೈರ್ಡ್ ಕೆಮಿಸ್ಟ್ರಿ ಮೇಷ್ಟ್ರೊಬ್ರು ಉದ್ದದ ಕಾಗದ ಬರ್ದಿದಾರೆ. ಪೂರ್ತಿ ಹಾಕೋಕೆ ಜಾಗ ಇಲ್ಲ, ಸಾರ ಹೇಳ್ತೀನಿ. ಬ್ಯಾಕ್ಟೀರಿಯಾನ ಜೆಲ್ ಒಳಗೆ ಕೂರಿಸಿ ನ್ಯೂಕ್ಲಿಯೋಸೈಡ್ ಅನ್ನೋ ಔಷಧಿ ಅಣು ಮಾಡೋ ಬಗ್ಗೆ ನಾವು ಹೋದ ಸಂಚಿಕೇಲಿ ಹಾಕಿದ್ದು ಅತಿ ಆಯ್ತಂತೆ. ಔಷಧಿ ವಿಷ್ಯದಲ್ಲಿ ಎನ್‌ಜೈಮೇ (ಜೀವಕೋಶದಲ್ಲಿ ರಾಸಾಯನಿಕ ಕೆಲಸ ನಡೆಸೋ ಪ್ರೋಟೀನು) ಬೇಕಂದ್ರೆ ಶುದ್ಧ ಮಾಡಿದ್ದನ್ನ ಹಾಕ್ಬೇಕು, ಇಡೀ ಜೀವಕೋಶ ತುಂಬೋದು ‘ಕೊಳಕು ಕೆಲಸ’ ಅಂತೆ. ಸರ್ವಿಸ್‌ನಲ್ಲಿದ್ದಾಗ ಅವ್ರ ಹುಡುಗ್ರು ಆಲ್ಜಿನೇಟ್ (ಕಡಲಪಾಚಿಯಿಂದ ತೆಗೆಯೋ ಜೆಲ್) ಮಣಿ ಮಾಡಿ ಯೀಸ್ಟ್ ಕೂರಿಸಿ ಫಾಸ್ಫೇಟ್ ಬಫರ್ ಅನ್ನೋ ದ್ರಾವಣಕ್ಕೆ ಹಾಕಿದ್ರಂತೆ, ಬೆಳಿಗ್ಗೆ ನೋಡಿದ್ರೆ ಒಂದು ಮಣಿನೂ ಇಲ್ಲ, ಎಲ್ಲ ಕರಗಿತ್ತಂತೆ. ಅಲ್ಲಿಗೆ ಈ ವಿದ್ಯೆ ಮೇಲೆ ನಂಬಿಕೆನೇ ಹೋಯ್ತು ಅಂತ ಬರ್ದಿದಾರೆ.

ಮೇಷ್ಟ್ರೇ, ನಿಮ್ಮಂಥವ್ರು ಓದಿ ಜಗಳಕ್ಕೆ ಬರ್ತೀರಲ್ಲ, ಅದಕ್ಕೇ ಈ ಪತ್ರಿಕೆ ಇನ್ನೂ ನಡೀತಿದೆ. ನಿಮ್ಮ ಮಾತಲ್ಲಿ ಸತ್ಯ ಇಲ್ಲ ಅಂತಲ್ಲ. ಇಡೀ ಕೋಶದೊಳಗೆ ಬೇಡದ ಎನ್‌ಜೈಮ್‌ಗಳೂ ಇರ್ತವೆ, ಜೆಲ್ ದಪ್ಪ ಆದ್ರೆ ಪದಾರ್ಥ ಒಳಗೆ ಹೋಗಿ ಬರೋದು ನಿಧಾನ, ನ್ಯೂಕ್ಲಿಯೋಸೈಡ್‌ನ ಸಕ್ಕರೆ ಭಾಗನ ತೀರಾ ಬದಲಾಯಿಸಿದ್ರೆ ಬ್ಯಾಕ್ಟೀರಿಯಾ ಮುಟ್ಟೋದೂ ಇಲ್ಲ. 2019ರಲ್ಲಿ ಮರ್ಕ್ ಕಂಪನಿಯವ್ರು ಇಸ್ಲಾಟ್ರಾವಿರ್ ಅನ್ನೋ ಎಚ್‌ಐವಿ ಔಷಧಿ (ಅದೂ ನ್ಯೂಕ್ಲಿಯೋಸೈಡ್ ಜಾತಿಯದೇ) ಮಾಡೋಕೆ 9 ಎನ್‌ಜೈಮ್ ಬಳಸಿದ್ರು, ಅದ್ರಲ್ಲಿ 5ನ್ನ ತಿದ್ದಿ ತೀಡಿ ಹೊಸದಾಗಿ ಮಾಡಿದ್ದು, ದೊಡ್ಡ ಕೆಲಸನೇ, ಒಪ್ಪಿದೆ. ಆದ್ರೆ ಆ ದುಡ್ಡು ಯಾರ ಹತ್ರ ಇದೆ ಹೇಳಿ!

ಈಗ ನನ್ನ ಪಾಳಿ. ನ್ಯೂಕ್ಲಿಯೋಸೈಡ್ ಅಂದ್ರೆ ಒಂದು ಸಕ್ಕರೆಗೆ ಒಂದು ಬೇಸ್ (ಅಡೆನಿನ್, ಯುರಾಸಿಲ್ ಥರದ ನೈಟ್ರೋಜನ್ ಇರೋ ಉಂಗುರ) ಅಂಟಿರೋದು, ಅಷ್ಟೇ, ಆದ್ರೆ ಅದನ್ನ ಫ್ಲಾಸ್ಕ್‌ನಲ್ಲಿ ಅಂಟಿಸೋಕೆ ಹೋದ್ರೆ ಪಾಡು ನಿಮಗೇ ಗೊತ್ತು, ಸಕ್ಕರೆಯ ಒಂದೊಂದು ಹೈಡ್ರಾಕ್ಸಿಲ್‌ಗೂ ಮುಚ್ಚಳ ಹಾಕು, ಅಂಟಿಸು, ಮತ್ತೆ ಎಲ್ಲ ಮುಚ್ಚಳ ತೆಗಿ, ಇಷ್ಟಾದ್ಮೇಲೂ ಆಲ್ಫಾ ಬೀಟಾ (ಬೇಸ್ ಸಕ್ಕರೆಯ ಕೆಳಗೋ ಮೇಲೋ ಅಂಟಿರೋ ಎರಡು ರೂಪ, ಬೇಕಾದ್ದು ಬೀಟಾ) ಎರಡೂ ಬೆರೆತು ಬರಬಹುದು, ಅಡೆನಿನ್ ಥರದ ಬೇಸ್ ಆದ್ರೆ 9ನೇ ನೈಟ್ರೋಜನ್ ಬದ್ಲು 7ಕ್ಕೆ ಹೋಗಿ ಕೂತ್ಕೊಬಹುದು. ಬ್ಯಾಕ್ಟೀರಿಯಾ ಏನ್ಮಾಡತ್ತೆ? ಅದರೊಳಗಿನ ಫಾಸ್ಫೊರಿಲೇಸ್ ಅನ್ನೋ ಒಂದು ಎನ್‌ಜೈಮ್ ಯುರಿಡಿನ್ ಅನ್ನೋ ನ್ಯೂಕ್ಲಿಯೋಸೈಡ್‌ನಿಂದ ಯುರಾಸಿಲ್ ಕಳಚಿ ಸಕ್ಕರೆಗೆ ಫಾಸ್ಫೇಟ್ ಕೂರಿಸತ್ತೆ, ಇನ್ನೊಂದು ಆ ಫಾಸ್ಫೇಟ್ ತೆಗೆದು ಅಲ್ಲಿಗೆ ಅಡೆನಿನ್ ಹಾಕತ್ತೆ. ನೀರಲ್ಲೇ ಆಗತ್ತೆ, ಮುಚ್ಚಳ ಬೇಡ, ಬರೋದು ಬೀಟಾ ಮಾತ್ರ.

ಜಪಾನಿನ ಅಜಿನೊಮೊಟೊ ಕಂಪನಿಯವ್ರು ಇದೇ ದಾರೀಲಿ ಎಂಟರೊಬ್ಯಾಕ್ಟರ್ ಏರೊಜೀನ್ಸ್ ಅನ್ನೋ ಬ್ಯಾಕ್ಟೀರಿಯಾದಿಂದ ವಿಡರಬಿನ್ ಮಾಡಿ ತೋರಿಸಿದ್ರು, ಹರ್ಪಿಸ್ ವೈರಸ್‌ಗೆ ಕೊಡ್ತಿದ್ದ ಔಷಧಿ ಅದು. ಬಿಸಿ ಎಷ್ಟು ಗೊತ್ತಾ, 60 ಡಿಗ್ರಿ! ಅಷ್ಟು ಬಿಸಿಗೆ ಅಡೆನಿನ್ ಭಾಗನ ಹಾಳು ಮಾಡೋ ಡಿಅಮಿನೇಸ್ ಎನ್‌ಜೈಮ್ ಮಲಗಿಬಿಡತ್ತೆ, ಫಾಸ್ಫೊರಿಲೇಸ್‌ಗಳು ಮಾತ್ರ ದುಡೀತಾ ಇರ್ತವೆ. ಬೇಡದ ಎನ್‌ಜೈಮ್ ತೆಗಿಯೋಕೆ ಶುದ್ಧ ಮಾಡೋ ಕಾಲಮ್ ಮೇಲೆ ಕಾಲಮ್ ಓಡಿಸ್ಬೇಕಾಗಿಲ್ಲ ಮೇಷ್ಟ್ರೇ, ಸ್ವಲ್ಪ ಉರಿ ಏರಿಸಿದ್ರೆ ಸಾಕು. ಅರ್ಜೆಂಟೀನಾದ ಕಿಲ್ಮೆಸ್ ಯೂನಿವರ್ಸಿಟಿಯವ್ರು ಬ್ಯಾಕ್ಟೀರಿಯಾನ ಅಗರೋಸ್, ಪಾಲಿಅಕ್ರಿಲಮೈಡ್ ಜೆಲ್‌ಗಳಲ್ಲಿ ಕೂರಿಸಿ ಮತ್ತೆ ಮತ್ತೆ ಬಳಸೋದನ್ನ ವರ್ಷಗಟ್ಟಲೆ ಮಾಡ್ಕೊಂಡು ಬಂದಿದಾರೆ, ಅವರೇನೂ ಭಾರಿ ಸಾಹುಕಾರರಲ್ಲ.

ನಿಮ್ಮ ‘ಕೊಳಕು’ ಮಾತಿಗೆ ನೇರ ಉತ್ತರ ಒಸಾಕಾದಲ್ಲಿದೆ. ತನಾಬೆ ಸೇಯಾಕು ಕಂಪನೀಲಿ ಇಚಿರೊ ಚಿಬಾಟ ಅಂತ ಇದ್ರು. 1969ರಲ್ಲಿ ಗಟ್ಟಿ ವಸ್ತುಗೆ ಕಟ್ಟಿಹಾಕಿದ ಎನ್‌ಜೈಮ್‌ನ ಮೊದಲ ಸಲ ಫ್ಯಾಕ್ಟರಿಗೆ ತಂದಿದ್ದು ಅವರ ತಂಡನೇ, ಅಂದ್ರೆ ನಿಮ್ಮ ಪಕ್ಷದವ್ರು. ಅದೇ ಜನ 1973ರಲ್ಲಿ ಆಸ್ಪಾರ್ಟಿಕ್ ಆಸಿಡ್ ಅನ್ನೋ ಅಮೈನೊ ಆಸಿಡ್ ಮಾಡೋಕೆ ಇಡೀ ಇ.ಕೋಲಿ ಕೋಶಗಳನ್ನ ಪಾಲಿಅಕ್ರಿಲಮೈಡ್‌ನಲ್ಲಿ ಕೂರಿಸಿದ್ರು. ಯಾಕಂದ್ರೆ ಆ ಎನ್‌ಜೈಮ್‌ನ ಹೊರಗೆ ತೆಗಿಯೋದು ದುಬಾರಿ, ತೆಗೆದ್ರೆ ಬಾಳಿಕೆನೂ ಇಲ್ಲ. ಮಜಾ ಏನು ಅಂದ್ರೆ ಜೆಲ್‌ನಲ್ಲಿ ಕೂರಿಸಿ 37 ಡಿಗ್ರೀಲಿ ಒಂದೆರಡು ದಿನ ಬಿಟ್ರೆ ಕೋಶಗಳು ಸತ್ತು ಗೋಡೆ ಸಡಿಲ ಆಗಿ ಕೆಲಸ ಹತ್ತು ಪಟ್ಟು ಜಾಸ್ತಿ ಆಯ್ತು, ಎನ್‌ಜೈಮ್ ಮಾತ್ರ ಜೆಲ್‌ನಲ್ಲೇ ಉಳೀತು! ಇನ್ನೂ ಹಿಂದಕ್ಕೆ ಹೋದ್ರೆ 1823ರಲ್ಲೇ ಜರ್ಮನಿಯ ಶುಟ್ಜೆನ್‌ಬಾಕ್ ಅನ್ನೋನು ಬೀಚ್ ಮರದ ಚಕ್ಕೆ ತುಂಬಿದ ಪೀಪಾಯಿ ಮೇಲಿಂದ ಮದ್ಯ ಇಳಿಬಿಟ್ಟು ವಿನಿಗರ್ ಮಾಡ್ತಿದ್ದ. ಚಕ್ಕೆಗೆ ಅಂಟ್ಕೊಂಡಿದ್ದು ಬ್ಯಾಕ್ಟೀರಿಯಾ ಅಂತ ಆಗ ಯಾರಿಗೂ ಗೊತ್ತಿರ್ಲಿಲ್ಲ, ವಿನಿಗರ್ ಅಂತೂ ಬರ್ತಿತ್ತು.

ನಮ್ಮಲ್ಲಿ ಈ ಶುದ್ಧ ಅನ್ನೋದು ಮಡಿ ಥರ ಆಗ್ಬಿಟ್ಟಿದೆ, ಯಾತಕ್ಕೆ ಅಂತ ಯಾರೂ ಕೇಳಲ್ಲ. ನಂಗೆ ಪರಿಚಯದ ಹುಡುಗಿ ಒಬ್ಳು ಪಿಎಚ್‌ಡಿ ವೈವಾಗೆ ಹೋದ್ರೆ, ಎಕ್ಸಾಮಿನರ್ ಎನ್‌ಜೈಮ್‌ನ ಎಷ್ಟು ಫೋಲ್ಡ್ (ಎಷ್ಟು ಪಟ್ಟು) ಪ್ಯೂರಿಫೈ ಮಾಡಿದೀಯಮ್ಮ ಅಂತ ಅರ್ಧ ಗಂಟೆ ಅದನ್ನೇ ಕೇಳಿದ್ರಂತೆ. ಅವಳು ಮಾಡಿದ್ದು ಇಡೀ ಕೋಶದ ಕೆಲಸ, ಪ್ಯೂರಿಫೈ ಮಾಡ್ದೇ ಇರೋದೇ ಅದರ ವಿಷಯ! ಅಂತೂ ಔಷಧಿಯಲ್ಲಿ ಕೊನೆಗೆ ಸಿಗೋ ಪುಡಿ ಶುದ್ಧವಾಗಿರ್ಬೇಕು, ಅದ್ರಲ್ಲಿ ಎರಡು ಮಾತಿಲ್ಲ, ಅದನ್ನ ಕ್ರಿಸ್ಟಲ್ ಮಾಡಿ ತೆಗೀತಾರೆ. ಮಾಡೋ ಕೈನೂ ಅಷ್ಟೇ ಶುದ್ಧ ಇರ್ಬೇಕು ಅನ್ನೋ ಹಟ ಎಲ್ಲಿಂದ ಬಂತೋ. ಟೀವಿ ಹಾಕಿದ್ರೆ ಕೀಟಾಣು ಕೊಲ್ಲೋ ಸೋಪು, ಸ್ಕೂಲ್ ಪುಸ್ತಕ ತೆಗೆದ್ರೆ ಬ್ಯಾಕ್ಟೀರಿಯಾ ಅಂದ ತಕ್ಷಣ ಕಾಲರಾ ಟೈಫಾಯ್ಡು. ಕಾಲೇಜುಗಳಲ್ಲಿ ಕೆಮಿಸ್ಟ್ರಿಯವ್ರು ಮೈಕ್ರೊಬಯಾಲಜಿ ಲ್ಯಾಬ್ ಮೆಟ್ಟಿಲು ಹತ್ತಲ್ಲ, ಅವ್ರು ಇವ್ರ ಕಡೆ ತಿರುಗಲ್ಲ, ಆಮೇಲೆ ಔಷಧಿ ಕಚ್ಚಾವಸ್ತು ಎಲ್ಲ ಚೀನಾದಿಂದ ಬರತ್ತೆ ಅಂತ ಸೆಮಿನಾರ್‌ನಲ್ಲಿ ಗೋಳಾಡೋದು.

ನಿಮ್ಮ ಮಣಿ ವಿಷ್ಯ ಮರೀಲಿಲ್ಲ. ಆಲ್ಜಿನೇಟ್‌ನ ಗಟ್ಟಿ ಹಿಡಿದಿರೋದು ಕ್ಯಾಲ್ಸಿಯಂ, ಫಾಸ್ಫೇಟ್ ಕಂಡ್ರೆ ಕ್ಯಾಲ್ಸಿಯಂ ಆ ಕಡೆ ಓಡತ್ತೆ, ಮಣಿ ಬಿಚ್ಕೊಳ್ಳತ್ತೆ. ಕೆಮಿಸ್ಟ್ರಿ ಮೇಷ್ಟ್ರಾಗಿ ನಿಮಗೆ ಇದು ಹೊಳೀಬೇಕಿತ್ತು ಅಂತ ಸಲುಗೆಯಿಂದ ಹೇಳ್ತೀನಿ, ಬೇಜಾರು ಮಾಡ್ಕೊಬೇಡಿ. ನ್ಯೂಕ್ಲಿಯೋಸೈಡ್ ಕೆಲಸಕ್ಕೆ ಫಾಸ್ಫೇಟ್ ಬೇಕೇ ಬೇಕಲ್ಲ, ಅದಕ್ಕೇ ಅಲ್ಲಿ ಅಗರ್, ಅಗರೋಸ್, ಪಾಲಿಅಕ್ರಿಲಮೈಡ್ ಕಡೆ ಹೋಗೋದು. ಈಗಿನ ಹುಡುಗ್ರ ಕೈಲಿ ಮತ್ತೆ ಮಾಡಿಸೋದಾದ್ರೆ ಅಗರ್ ಕರಗಿಸಿ, 45 ಡಿಗ್ರಿ ಸುತ್ತ ಇಳಿದ್ಮೇಲೆ ಯೀಸ್ಟ್ ಬೆರೆಸಿ, ತಟ್ಟೇಲಿ ಹೆಪ್ಪಾಗೋಕೆ ಬಿಟ್ಟು ಸಣ್ಣ ತುಂಡು ಮಾಡಿ ಅದೇ ಬಫರ್‌ಗೆ ಹಾಕಿ. ಏನಾಯ್ತು ಅಂತ ಬರೀರಿ, ಈ ಸಲ ಎರಡು ಪುಟದಲ್ಲಿ, ಪೂರ್ತಿ ಹಾಕ್ತೀವಿ.

– ಸಂಪಾದಕ