ಎಫ್‌ಐಆರ್ ಬೇಡ, ನಾವೇ ನೋಡ್ಕೋತೀವಿ ಅಂತಾರೆ

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್. ತಮ್ಮ ಮೈಸೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನು ಗೇ ಎಂದು ನನಗೆ ಗೊತ್ತಾದದ್ದೇ ಹೋದ ತಿಂಗಳು. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದವನೊಬ್ಬ ಕರೆದ ಅಂತ ರಿಂಗ್ ರೋಡ್ ಆಚೆಯ ಲೇಔಟ್‌ಗೆ ಹೋಗಿದ್ದಾನೆ. ಅಲ್ಲಿ ಮೂವರು ಹೊಡೆದು, ಬಟ್ಟೆ ಬಿಚ್ಚಿಸಿ ವಿಡಿಯೊ ಮಾಡಿ, ಫೋನ್‌ಪೇಯಲ್ಲಿ 22 ಸಾವಿರ ಹಾಕಿಸಿಕೊಂಡಿದ್ದಾರೆ. ಈಗ ಮತ್ತೆ ಕೇಳುತ್ತಿದ್ದಾರೆ. ದೂರು ಕೊಡು ಅಂದರೆ, 'ನಿಮ್ಮೋರ ಮುಂದೆ ನಿಲ್ಲೋದಕ್ಕಿಂತ ದುಡ್ಡು ಹೋಗೋದೇ ವಾಸಿ ಅಕ್ಕ' ಎನ್ನುತ್ತಾನೆ. 2016ರಲ್ಲಿ, ಕಾಲೇಜಿನಲ್ಲಿದ್ದಾಗ, ಒಂದು ರಾತ್ರಿ ಗೆಳೆಯನ ಜತೆ ಕೂತಿದ್ದವನ ಮೊಬೈಲನ್ನು ಇಬ್ಬರು ಪೊಲೀಸರು ಕಿತ್ತುಕೊಂಡು, ಫೋಟೊ ನೋಡಿ ನಕ್ಕು, 'ಅಪ್ಪನ ನಂಬರ್ ಕೊಡು' ಎಂದು ಹೆದರಿಸಿ, ಎಟಿಎಂಗೆ ಕರೆದುಕೊಂಡು ಹೋಗಿದ್ದರಂತೆ. ನನಗೆ ಹೇಳಿರಲೇ ಇಲ್ಲ. ನನ್ನ ಬ್ಯಾಚ್‌ಮೇಟ್ ಒಬ್ಬರು, 'ಎಫ್‌ಐಆರ್ ಬೇಡ, ಹುಡುಗರನ್ನ ಎತ್ತಾಕ್ಕೊಂಡು ಬಂದು ನಾಲ್ಕು ತದುಕಿ ದುಡ್ಡು ವಾಪಸ್ ಕೊಡಿಸ್ತೀವಿ' ಎಂದಿದ್ದಾರೆ. ಹೂಂ ಅನ್ನಲಾ? ಅಮ್ಮನಿಗೆ ಹೇಳಲಾ?

ಉತ್ತರ: ಹೂಂ ಅನ್ನಬೇಡಿ.

ನಿಮ್ಮ ಬ್ಯಾಚ್‌ಮೇಟ್ ಒಳ್ಳೆ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಅದು ಹೇಗೆ ನಡೆಯುತ್ತದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹುಡುಗರನ್ನು ಕರೆತರುತ್ತಾರೆ. ಎರಡು ಏಟು ಬಿದ್ದ ಕೂಡಲೇ ಅವರು ನಿಮ್ಮ ತಮ್ಮನ ಹೆಸರು ಹೇಳಿ ವಿಡಿಯೊ ತೋರಿಸುತ್ತಾರೆ. ರೈಟರ್ ನೋಡುತ್ತಾರೆ, ಸೆಂಟ್ರಿ ನೋಡುತ್ತಾರೆ, ಟೀ ತಂದ ಹುಡುಗನೂ ಬಗ್ಗಿ ನೋಡುತ್ತಾನೆ. ಇಷ್ಟಾದರೂ ಒಂದು ಕಾಗದ ಇರುವುದಿಲ್ಲ, ಮೊಬೈಲ್ ಜಪ್ತಿ ಆಗುವುದಿಲ್ಲ. ಏಟು ತಿಂದವರು ಮನೆಗೆ ಹೋಗುತ್ತಾರೆ, ವಿಡಿಯೊನೂ ಅವರ ಜೇಬಲ್ಲೇ ಹೋಗುತ್ತದೆ. ಸಿಟ್ಟು ಬೇರೆ. ದುಡ್ಡು ಬಂತು ಅಂತಲೇ ಇಟ್ಟುಕೊಳ್ಳಿ, ಆಮೇಲೆ ಅದೇ ಆ್ಯಪ್‌ನಲ್ಲಿ ಇನ್ನೊಬ್ಬನನ್ನು ಕರೆಯುತ್ತಾರೆ. ಅವನಿಗೆ ಪೊಲೀಸ್ ಅಕ್ಕ ಇರುವುದಿಲ್ಲ.

ಇನ್ನೊಂದು ಮಾತು. 2016ರಲ್ಲಿ ಆ ಇಬ್ಬರು ಮಾಡಿದ್ದೂ ಕಾಗದ ಇಲ್ಲದ ಕೆಲಸವೇ ಅಲ್ವಾ? ಈಗ ಅದನ್ನೇ ಅವನ ಪರವಾಗಿ ಮಾಡಿಸಿದರೆ ಅವನಿಗೆ ಇಲಾಖೆಯ ಮೇಲೆ ನಂಬಿಕೆ ಹುಟ್ಟುವುದಿಲ್ಲ. ಅಕ್ಕನ ವಶೀಲಿ ಎಷ್ಟಿದೆ ಅಂತ ಗೊತ್ತಾಗುತ್ತದೆ, ಅಷ್ಟೇ.

'ನಿಮ್ಮೋರು' ಅಂದದ್ದು ನಿಮಗೆ ಚುಚ್ಚಿದೆ. ಚುಚ್ಚಲಿ ಬಿಡಿ. ಆಗ ಸಲಿಂಗ ಸಂಭೋಗವನ್ನು ಅಪರಾಧ ಎನ್ನುತ್ತಿದ್ದ ಐಪಿಸಿ 377 ಇತ್ತು. ಇಬ್ಬರು ಜತೆಗೆ ಕೂತರೆ ಅದರ ಪ್ರಕಾರವೂ ಅಪರಾಧವಲ್ಲ. ಆದರೆ ಹೆದರಿಸುವುದಕ್ಕೆ ಸೆಕ್ಷನ್ ನಂಬರ್ ಒಂದೇ ಸಾಕಾಗಿತ್ತು. ನಮ್ಮ ರಾಜ್ಯದ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಎಂಬ ಕಲಂ ಸೇರಿಸಿ, ಅನುಮಾನ ಬಂದ ಹಿಜ್ರಾಗಳ ಹೆಸರು, ವಿಳಾಸದ ರಿಜಿಸ್ಟರ್ ಇಡುವ ಅಧಿಕಾರ ಕೊಟ್ಟಿದ್ದರು. ಅದು ಹೈಕೋರ್ಟ್‌ವರೆಗೆ ಹೋಯಿತು. ಇಷ್ಟೆಲ್ಲ ನೋಡಿದವರು ಠಾಣೆ ಕಂಡರೆ ರಸ್ತೆ ಬದಲಿಸುವುದರಲ್ಲಿ ಆಶ್ಚರ್ಯ ಏನಿದೆ? 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಎಂದಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ನಾರಿಮನ್ ಅವರು, ಸರ್ಕಾರಿ ನೌಕರರಿಗೆ, ಅದರಲ್ಲೂ ಪೊಲೀಸರಿಗೆ, ಆಗಾಗ ಈ ಬಗ್ಗೆ ತರಬೇತಿ ಕೊಡಬೇಕು ಎಂದು ಬರೆದಿದ್ದಾರೆ. ನಿಮ್ಮ ಠಾಣೆಯಲ್ಲಿ ಎಷ್ಟು ಸಲ ಆಗಿದೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಈಗ ದೂರಿನ ವಿಷಯ. ಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡುವವನು ಅವನು. ನೀವು ಮಾಡಬಹುದಾದ್ದು, ಒಳಗೆ ಏನೇನು ನಡೆಯುತ್ತದೆ ಅಂತ ಒಂದೂ ಮುಚ್ಚಿಡದೆ ಹೇಳುವುದು. ಹೆದರಿಸಿ ಹಣ ಕೀಳುವುದಕ್ಕೆ, ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 308ರಲ್ಲಿ ಏಳು ವರ್ಷದವರೆಗೆ ಜೈಲಿದೆ. ಬೆತ್ತಲೆ ವಿಡಿಯೊಗೆ ಐಟಿ ಕಾಯ್ದೆಯ 66ಇ ಇದೆ. ದೂರಿನಲ್ಲಿ 'ನಾನು ಗೇ' ಎಂದು ಬರೆಯಬೇಕಿಲ್ಲ. 'ಆ್ಯಪ್‌ನಲ್ಲಿ ಪರಿಚಯವಾದವನು ಕರೆದ, ಹೋದೆ' ಎಂದರೆ ಸಾಕು. ಯಾಕೆ ಹೋದೆ, ಯಾರು ಏನು ಎಂಬ ಕಿಚಾಯಿಸುವ ಪ್ರಶ್ನೆಗಳಿಗೆ ಅವನು ಉತ್ತರ ಕೊಡಬೇಕಾಗಿಲ್ಲ. ಮನೆಗೆ ಫೋನ್ ಮಾಡುವ ಕೆಲಸವೂ ಅವರಿಗಿಲ್ಲ, ಅವನೇನು ಚಿಕ್ಕ ಹುಡುಗನಲ್ಲ.

ದಯವಿಟ್ಟು ನಿಮ್ಮ ಠಾಣೆಗೆ ಕರೆದುಕೊಂಡು ಹೋಗಬೇಡಿ. ಬ್ಯಾಚ್‌ಮೇಟ್ ಇರುವ ಕಡೆಗೂ ಬೇಡ. ಝೀರೋ ಎಫ್‌ಐಆರ್, ಅಂದರೆ ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹಾಕುವ ಎಫ್‌ಐಆರ್, ಎಲ್ಲಿ ಬೇಕಾದರೂ ಆಗುತ್ತದೆ. ಮೈಸೂರಿನಲ್ಲೇ ಸೈಬರ್ ಅಪರಾಧ ನೋಡುವ ಸೆನ್ ಠಾಣೆ ಇದೆ. ಪಿಟಿಷನ್ ತಗೊಂಡು 'ಎನ್‌ಕ್ವೈರಿ ಮಾಡ್ತೀವಿ, ಹೋಗಿ' ಅಂದರೆ ಎದ್ದು ಬರಬಾರದು. ಇಂಥ ಅಪರಾಧಕ್ಕೆ ಎಫ್‌ಐಆರ್ ಹಾಕಲೇಬೇಕು ಎಂದು 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪಾಗಿದೆ. ಆಗಲೂ ಹಾಕದಿದ್ದರೆ ಕಮಿಷನರ್‌ಗೆ ಬರವಣಿಗೆಯಲ್ಲಿ ಕಳಿಸಲಿ. ಜತೆಗೆ ಯೂನಿಫಾರ್ಮ್ ಹಾಕಿಕೊಂಡ ಅಕ್ಕ ಬೇಡ, ಒಬ್ಬ ವಕೀಲರಿರಲಿ. ಮೈಸೂರಿನ ಆಶೋದಯ ಸಮಿತಿಯಲ್ಲಿ ಲೈಂಗಿಕ ವೃತ್ತಿಯ ಗಂಡಸರೂ ಟ್ರಾನ್ಸ್‌ಜೆಂಡರ್ ಜನರೂ ಇದ್ದಾರೆ. ಪೊಲೀಸರ ಜತೆ ಗುದ್ದಾಡಿ ಅಭ್ಯಾಸ ಇರುವವರು. ಅಲ್ಲಿ ಒಂದು ಮಾತು ಕೇಳಲಿ.

ಕೆಟ್ಟ ಸುದ್ದಿಯನ್ನೂ ಮೊದಲೇ ಹೇಳಿಬಿಡಿ. ಸಾಕ್ಷ್ಯಕ್ಕೆ ಅವನ ಮೊಬೈಲನ್ನೂ ಕೇಳಬಹುದು. ಅದಕ್ಕೇ ಚಾಟ್ ಅಳಿಸದೆ, ಸ್ಕ್ರೀನ್‌ಶಾಟ್, ಹಣ ಹೋದ ಯುಪಿಐ ನಂಬರ್ ಎಲ್ಲ ಬೇರೆ ಕಡೆ ಇಟ್ಟುಕೊಳ್ಳಲಿ. ಇನ್ನು ಎಫ್‌ಐಆರ್ ಪೊಲೀಸ್ ವೆಬ್‌ಸೈಟಿಗೆ ಹೋಗುತ್ತದೆ. ಅವನ ಭಯ ಸುಮ್ನೆ ಅಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ 24 ಗಂಟೆಯೊಳಗೆ ಹಾಕಿ ಎಂದಾಗ, ಸೂಕ್ಷ್ಮ ಪ್ರಕರಣಗಳನ್ನು ಬಿಡಬಹುದು, ಆ ತೀರ್ಮಾನ ಡಿವೈಎಸ್ಪಿ ಅಥವಾ ಅದಕ್ಕಿಂತ ಮೇಲಿನವರದ್ದು ಎಂದೂ ಹೇಳಿತ್ತು. ಮೈಸೂರು ನಗರದಲ್ಲಿ ಡಿವೈಎಸ್ಪಿ ದರ್ಜೆಯವರು ಎಸಿಪಿ; ದೂರಿನ ಜತೆಗೇ ಅವರಿಗೆ ಒಂದು ಮನವಿ ಕೊಡಿಸಿ. ಇಂಥದ್ದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ನಿಮ್ಮ ಕೆಲಸ ಅವನ ಉಪಯೋಗಕ್ಕೆ ಬರುವುದು ಇಲ್ಲೇ.

ಅವನು ಹೇಳಿದ್ದಕ್ಕಿಂತ ಜಾಸ್ತಿ ನಡೆದಿರಬಹುದು. ಕೆದಕಬೇಡಿ, ವಕೀಲರ ಹತ್ತಿರ ಹೇಳು ಅನ್ನಿ. ಗಂಡಸಿನ ಮೇಲೆ ಅತ್ಯಾಚಾರವಾದರೆ ಹೊಸ ಸಂಹಿತೆಯಲ್ಲಿ ನೇರ ಸೆಕ್ಷನ್ನೇ ಇಲ್ಲ. 2018ರ ತೀರ್ಪಿನ ನಂತರವೂ ಒಪ್ಪಿಗೆ ಇಲ್ಲದ ಕೃತ್ಯಕ್ಕೆ 377 ಉಳಿದಿತ್ತು; ಹೊಸ ಸಂಹಿತೆಯಲ್ಲಿ ಅದು ಪೂರ್ತಿ ಹೋದಾಗ ಆ ರಕ್ಷಣೆಯೂ ಹೋಯಿತು. ಯಾರು ಕೂತು ಬರೆದರೋ!

ಅವನು ಬೇಡವೇ ಬೇಡ ಎಂದರೆ ಒತ್ತಾಯ ಮಾಡಬೇಡಿ. ಆದರೆ ಇನ್ನು ಒಂದು ರೂಪಾಯಿಯೂ ಹೋಗಕೂಡದು. ಕೊಟ್ಟಷ್ಟೂ ಕೇಳುತ್ತಾರೆ.

ಅಮ್ಮನಿಗೆ? ಬೇಡ. ಹೇಳುವುದಿದ್ದರೆ ಅವನೇ ಹೇಳಲಿ, ಯಾವಾಗಲಾದರೂ. ಅಷ್ಟರಲ್ಲಿ ಅಮ್ಮ ಹುಡುಗಿ ನೋಡೋಣ ಅಂತ ಹೊರಟರೆ ತಡೆದು ನಿಲ್ಲಿಸುವುದು ಮಾತ್ರ ನಿಮ್ಮ ಡ್ಯೂಟಿ, ತಾಯಿ.