ಮುಳ್ಳು ಕೆಂಪಿಗೆ ಹೋದ್ರೆ ಬಯ್ಯುವುದು ಮೀಟರಿಗಾ, ಎಂಜಿನಿಗಾ?

ಪ್ರಶ್ನೆ: ಸರ್, ನಮ್ಮ ಮನೆ ಬದಿಯಡ್ಕ ಹತ್ತಿರ. ಹೊರಗೆ ಒಂದು ಫ್ಲೈಯಿಂಗ್ ಸ್ಕೂಲಲ್ಲಿ ಪೈಲಟ್ ಟ್ರೈನಿಂಗ್ ಮಾಡ್ತಾ ಇದ್ದೇನೆ, ಈಗ ರಜೆಗೆ ಊರಿಗೆ ಬಂದದ್ದು. ನಮ್ಮ ಹಳೇ ಸೆಸ್ನಾ 172 ವಿಮಾನದಲ್ಲಿ ಎಂಜಿನ್ ಆಯಿಲ್ ಟೆಂಪರೇಚರ್ ಮುಳ್ಳು ಒಮ್ಮೊಮ್ಮೆ ಟಕ್ ಅಂತ ಕೆಂಪು ಗೆರೆಗೆ ಹೋಗಿ ವಾಪಸ್ ಬರ್ತದೆ, ಪ್ರೆಶರ್ ಮಾತ್ರ ಸರಿ ಇರ್ತದೆ. ಕೇಳಿದ್ರೆ "ಅದು ಮೀಟರ್ ಹಾಳು, ಅದನ್ನ ನೋಡ್ಬೇಡ" ಅಂತ ಹೇಳ್ತಾರೆ. ಮೀಟರಾ ಎಂಜಿನಾ ಅಂತ ತಿಳಿಯುವುದು ಹೇಗೆ?

ಉತ್ತರ: ನೋಡ್ಲೇಬೇಕು ಮಾರಾಯ್ರೆ, ನೋಡ್ಲಿಕ್ಕೆ ಅಂತಲೇ ಅಲ್ವಾ ಅದನ್ನ ಅಲ್ಲಿ ಇಟ್ಟದ್ದು. ನೀವು ಬರೆದದ್ದು ಓದಿದ್ರೆ ನನಗೂ ಮೀಟರ್ ಕಡೆಯದ್ದೇ ಕಿತಾಪತಿ ಅನ್ನಿಸ್ತದೆ, ಆದ್ರೆ ಅನ್ನಿಸುವುದು ಬೇರೆ, ಪರೀಕ್ಷೆ ಮಾಡಿ ಗೊತ್ತಾಗುವುದು ಬೇರೆ.

ಮೊದಲು ಈ ಎರಡು ಮೀಟರಿಗೆ ಸುದ್ದಿ ಎಲ್ಲಿಂದ ಬರ್ತದೆ ಅಂತ ನೋಡಿ. ಹಳೇ 172ರಲ್ಲಿ ಪ್ರೆಶರ್ ಮೀಟರಿಗೆ ಎಂಜಿನಿಂದ ಒಂದು ಸಪೂರ ಪೈಪಲ್ಲಿ ಎಣ್ಣೆಯೇ ಬರ್ತದೆ, ಕರೆಂಟ್ ಬೇಡ. ನಿಮ್ಮ ಮನೆಯಲ್ಲಿ ಅಡಿಕೆಗೆ ಮದ್ದು ಬಿಡುವ ಪಂಪಿನ ಮೇಲೆ ಗಡಿಯಾರದ ಹಾಗೆ ಒಂದು ಮೀಟರ್ ಉಂಟಲ್ಲ, ಅದೇ ಜಾತಿ, ಒಳಗೆ ಬಾಗಿದ ಒಂದು ಟ್ಯೂಬ್, ಪ್ರೆಶರ್ ಬಂದ ಹಾಗೆ ನೆಟ್ಟಗಾಗ್ಲಿಕ್ಕೆ ನೋಡ್ತದೆ, ಮುಳ್ಳು ತಿರುಗ್ತದೆ. ಬೂರ್ಡನ್ ಅನ್ನುವ ಫ್ರಾನ್ಸಿನವ 1849ರಲ್ಲಿ ಪೇಟೆಂಟ್ ಮಾಡಿದ್ದು. (ಪಂಪಿನೊಳಗಿನ ಮದ್ದು ಬೋರ್ಡೋ, ಮೇಲಿನ ಮೀಟರ್ ಬೂರ್ಡನ್, ಎರಡೂ ಒಂದೇ ಅಂತ ನಾನೇ ತುಂಬಾ ವರ್ಷ ನಂಬಿದ್ದೆ.) ಟೆಂಪರೇಚರಿಂದು ಹಾಗಲ್ಲ, ಎಂಜಿನ್ ಹಿಂಬದಿ ಎಣ್ಣೆಯಲ್ಲಿ ಮುಳುಗಿದ ಒಂದು ಸೆನ್ಸರ್, ಬಿಸಿ ಆದ ಹಾಗೆ ಅದರ ರೆಸಿಸ್ಟೆನ್ಸ್ ಬದಲಾಗ್ತದೆ, ಅಲ್ಲಿಂದ ವಯರ್, ವಿಮಾನದ ಬ್ಯಾಟರಿ ಕರೆಂಟ್. ಎರಡಕ್ಕೂ ದಾರಿ ಬೇರೆ ಆದ ಕಾರಣ ಎರಡೂ ಸೇರಿ ಒಂದೇ ಸುಳ್ಳು ಹೇಳುವುದು ಅಪರೂಪ.

ಈಗ ನಿಮ್ಮ "ಟಕ್ ಅಂತ". ಎಂಜಿನಲ್ಲಿ ಆರೇಳು ಲೀಟರ್ ಎಣ್ಣೆ ಇರ್ತದೆ, ಅಷ್ಟು ಎಣ್ಣೆ ಒಂದು ಸೆಕೆಂಡಲ್ಲಿ ಬಿಸಿ ಆಗಿ ಮತ್ತೊಂದು ಸೆಕೆಂಡಲ್ಲಿ ತಣ್ಣಗಾಗುವುದು ಸಾಧ್ಯವಾ? ಹಂಡೆ ನೀರು ಕಾಯ್ಲಿಕ್ಕೆ ಎಷ್ಟು ಹೊತ್ತು ಬೇಕು ಅಂತ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಹಾರುವ ಮುಳ್ಳು ವಯರಿಂದು. ಹೆದರ್ಬೇಕಾದ್ದು ಮೆಲ್ಲ ಮೆಲ್ಲ ಮೇಲೆ ಹತ್ತುವ ಮುಳ್ಳಿಗೆ, ಅದರ ಜೊತೆ ಪ್ರೆಶರ್ ಇಳಿಯುತ್ತಾ ಬಂದ್ರೆ ಮತ್ತೆ ಮೀಟರನ್ನ ಸಂಶಯ ಮಾಡ್ತಾ ಕೂರುವ ಹೊತ್ತಲ್ಲ, ಪವರ್ ಕಡಿಮೆ ಮಾಡಿ ಇಳಿಯುವ ಜಾಗ ಹುಡುಕಿ, ಎಂಜಿನ್ ನಿಲ್ಲುವ ಲಕ್ಷಣ ಅದು. ಪ್ರೆಶರ್ ಮಾತ್ರ ಬಿದ್ದು ಟೆಂಪರೇಚರ್ ನಾರ್ಮಲ್ ಇದ್ರೆ ಮೀಟರೋ, ಪ್ರೆಶರ್ ಜಾಸ್ತಿ ಆಗದ ಹಾಗೆ ನೋಡುವ ರಿಲೀಫ್ ವಾಲ್ವೋ ಹಾಳಾಗಿರ್ಬಹುದು ಅಂತ ಸೆಸ್ನಾ ಪುಸ್ತಕದಲ್ಲೇ ಉಂಟು, ಆದ್ರೂ ಹತ್ತಿರದ ಏರ್‌ಪೋರ್ಟಲ್ಲಿ ಇಳಿದು ನೋಡಿ ಅಂತಲೇ ಅದು ಹೇಳುವುದು.

ಸೀಟಲ್ಲಿ ಕೂತೇ ನೀವು ಮಾಡ್ಬಹುದಾದ್ದು ಎರಡುಂಟು. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡುವ ಮೊದಲು ಮಾಸ್ಟರ್ ಸ್ವಿಚ್ ಹಾಕಿ ಮುಳ್ಳು ನೋಡಿ. ಹೊರಗೆ 28 ಡಿಗ್ರಿ ಅಂದ್ರೆ ಫ್ಯಾರನ್‌ಹೀಟಲ್ಲಿ 82, ಮೀಟರಲ್ಲಿ ನಾರ್ಮಲ್ ಅಂತ ತೋರಿಸುವ ಹಸಿರು ಗೆರೆ ಶುರು ಆಗುವುದೇ 100ಕ್ಕೆ, ಕೆಂಪು 245ಕ್ಕೆ. ತಣ್ಣಗಿನ ಎಂಜಿನಲ್ಲಿ ಮುಳ್ಳು ಹಸಿರಿನ ಮಧ್ಯ ನಿಂತಿದ್ರೆ ಸುಳ್ಳು ಅಲ್ಲೇ ಸಿಕ್ಕಿಬಿತ್ತು. ಎರಡನೇದು, ಎಂಜಿನ್ ಓಡುವಾಗ ಲ್ಯಾಂಡಿಂಗ್ ಲೈಟ್ ಹಾಕಿ ತೆಗೆದು ಮಾಡಿ. ಲೈಟ್ ಜೊತೆಗೆ ಮುಳ್ಳೂ ಅಲುಗಿದ್ರೆ ಅರ್ತ್ ಸರಿ ಇಲ್ಲ, ಲೈಟಿಗೂ ಎಣ್ಣೆ ಬಿಸಿಗೂ ಎಂತ ಸಂಬಂಧ ಹೇಳಿ! ಕುಂಬಳೆ ಕಡಲಕರೆಯಲ್ಲಿ ಬೈಕ್ ಇಟ್ಟವರಿಗೆ ಗೊತ್ತುಂಟು, ಉಪ್ಪು ಗಾಳಿಗೆ ಅರ್ತಿಂಗ್ ಜಾಗದಲ್ಲಿ ಹಸಿರು ಕಿಲುಬು ಹಿಡೀತದೆ, ವಿಮಾನಕ್ಕೇನು ವಿನಾಯಿತಿ ಇಲ್ಲ.

ಅಲ್ಲಿಂದ ಮುಂದೆ ಲೈಸೆನ್ಸ್ ಇರುವ ಎಂಜಿನಿಯರ್ ಕೆಲಸ, ನೀವು ಕೌಲಿಂಗ್ (ಎಂಜಿನಿನ ಹೊರ ಮುಚ್ಚಳ) ಬಿಚ್ಚಿ ಕೈ ಹಾಕ್ಲಿಕ್ಕಿಲ್ಲ. ಅವರು ಮೊದಲು ಸೆನ್ಸರ್ ತುದಿಯ ಟರ್ಮಿನಲ್ ನೋಡ್ಬೇಕು, ಎಂಜಿನ್ ನಡುಕಕ್ಕೆ ವಯರ್ ಅಲ್ಲೇ ಅರ್ಧ ಕಡಿದಿರ್ತದೆ, ಹೊರಗಿಂದ ಚಂದ ಕಾಣ್ತದೆ. ಆಮೇಲೆ ಸೆನ್ಸರ್ ತೆಗೆದು ಕುದಿಯುವ ನೀರಿಗೆ ಅದ್ದಿ ನೋಡುವುದು, ಆಗ ಸೆನ್ಸರಿನ ಮೈಗೆ ಅರ್ತ್ ವಯರ್ ಕೊಡ್ಲಿಕ್ಕೆ ಮರೀಬಾರ್ದು. ಕಡಲ ಮಟ್ಟದಲ್ಲಿ ನೀರು ಕುದಿಯುವುದು 212 ಫ್ಯಾರನ್‌ಹೀಟಿಗೆ, ಬೆಂಗಳೂರಿನಂಥ 900 ಮೀಟರ್ ಎತ್ತರದಲ್ಲಿ 207 ಹತ್ತಿರ, ಮುಳ್ಳು ಹಸಿರಿನ ಒಳಗೇ ನಿಲ್ಬೇಕು. ಇದೆಲ್ಲ ಬಿಟ್ಟು ಮೊದಲೇ ಹೊಸ ಮೀಟರ್ ತಂದು ಹಾಕುವವರು ಉಂಟು, ದುಡ್ಡೂ ಹೋಗ್ತದೆ, ಮುಳ್ಳೂ ಹಾರ್ತಾ ಇರ್ತದೆ.

ನೀವು ಮಾಡ್ಬೇಕಾದ್ದು ಇಷ್ಟು: ಪ್ರತಿ ಸಲ ವಿಮಾನದ ಲಾಗ್ ಪುಸ್ತಕದಲ್ಲಿ ಸ್ನ್ಯಾಗ್ (ಕಂಡ ತೊಂದರೆ) ಬರೀರಿ, ಎಷ್ಟು ಹೊತ್ತಿಗೆ, ಎಷ್ಟು ಆರ್‌ಪಿಎಮ್, ಎಂತ ಸ್ವಿಚ್ ಹಾಕಿದ್ದು ಅಂತ. "ಮೀಟರ್ ಹಾಳು" ಅಂತ ಬರೀಬೇಡಿ, ಅದು ತೀರ್ಪು, ಕಂಡದ್ದನ್ನ ಬರೀರಿ. ಬಾಯಲ್ಲಿ ಹೇಳಿದ್ದಕ್ಕೆ ಯಾರೂ ಜವಾಬ್ದಾರಿ ಇಲ್ಲ, ಬರೆದ್ರೆ ಒಬ್ಬರು ನೋಡಿ ಸಹಿ ಹಾಕ್ಲೇಬೇಕು. ಆಯಿಲ್ ಟೆಂಪರೇಚರ್ ಮೀಟರ್ ಇದ್ರೂ ಆಯ್ತು ಇಲ್ಲದಿದ್ರೂ ಆಯ್ತು ಅನ್ನುವ ಸಾಮಾನಲ್ಲ.

ಪ್ರಶ್ನೆ: ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಕಲೀತಾ ಇದ್ದೇನೆ, ಊರು ಮಂಜೇಶ್ವರ. ಎಕ್ಸಾಸ್ಟ್ ಟೆಂಪರೇಚರ್ ಮೀಟರಿನ ವಯರ್ ಗಿಡ್ಡ ಆದ್ರೆ ಸಾಧಾರಣ ತಾಮ್ರದ ವಯರ್ ಸೇರಿಸ್ಬಹುದಾ?

ಉತ್ತರ: ಬೇಡ. ಅದು ಥರ್ಮೋಕಪಲ್, ಎರಡು ಬೇರೆ ಬೇರೆ ಲೋಹದ ವಯರ್ ಸೇರಿದ ಜಾಗ ಬಿಸಿ ಆದಾಗ ತಾನೇ ಮಿಲಿವೋಲ್ಟ್ ಲೆಕ್ಕದಲ್ಲಿ ವೋಲ್ಟೇಜ್ ಹುಟ್ಟಿಸ್ತದೆ, ಮಧ್ಯದಲ್ಲಿ ತಾಮ್ರ ತುರುಕಿದ್ರೆ ಆ ಜೋಡಣೆಯ ಬಿಸಿಯೂ ಲೆಕ್ಕಕ್ಕೆ ಸೇರಿ ಮೀಟರ್ ತಪ್ಪು ತೋರಿಸ್ತದೆ. ಅದೇ ಜಾತಿಯ ವಯರೇ ಬೇಕು, ಪ್ಲಸ್ ಮೈನಸ್ ಅದಲುಬದಲು ಆಗ್ಬಾರ್ದು. ಹಳೇ ಮೀಟರುಗಳಲ್ಲಿ ವಯರಿನ ರೆಸಿಸ್ಟೆನ್ಸನ್ನೂ ಲೆಕ್ಕ ಹಿಡಿದೇ ಮಾಡಿರ್ತಾರೆ, ಹಾಗಾಗಿ ಉದ್ದ ಜಾಸ್ತಿ ಆಯ್ತು ಅಂತ ಕತ್ತರಿಸ್ಲಿಕ್ಕೂ ಇಲ್ಲ, ಸುರುಳಿ ಮಾಡಿ ಕಟ್ಟಿಡಿ.